ಆರು ಲಕ್ಷಕ್ಕೆ ಐದು ಹಸು: ದುಡ್ಡು ಎಲ್ಲೆಲ್ಲಿ ಹೋಗುತ್ತೆ, ಎಷ್ಟು ಉಳಿಸಿಕೊಳ್ಳಬೇಕು?

ನಾಗಮಂಗಲ ತಾಲ್ಲೂಕಿನ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ನನಗೆ 32 ವರ್ಷ. ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಿದ್ದೇನೆ. ಊರಲ್ಲಿ 2 ಎಕರೆ ಜಮೀನಿದೆ, ಬೋರ್‌ವೆಲ್ ಇದೆ. ಅಮ್ಮ ಒಂದು ಸೀಮೆ ಹಸು ಸಾಕಿದ್ದಾರೆ. ಕೂಡಿಟ್ಟಿರುವುದು 6 ಲಕ್ಷ. ಊರಿಗೆ ವಾಪಸ್ ಬಂದು ಒಂದೇ ಸಲ ಐದು ಎಚ್‌ಎಫ್ (ಹೋಲ್‌ಸ್ಟೀನ್ ತಳಿಯ ಸೀಮೆ) ಹಸು ಕಟ್ಟಬೇಕು ಅಂತಿದೆ. ಪಕ್ಕದ ಮನೆಯವರು ಒಂದು ಹಸುವಿಗೆ ತಿಂಗಳಿಗೆ 15 ಸಾವಿರ ಬರುತ್ತೆ ಅಂತಾರೆ. 6 ಲಕ್ಷ ಸಾಕಾಗುತ್ತಾ, ಇಲ್ಲ ಹೆಂಡತಿಯ ಒಡವೆ ಅಡ ಇಡಬೇಕಾ?”

ಒಡವೆ ವಿಷಯ ಮೊದಲು ಹೇಳಿಬಿಡುತ್ತೇನೆ. ಅಡ ಇಡಬೇಡಿ. ನಿಮ್ಮ 6 ಲಕ್ಷದಲ್ಲಿ ಈ ಕೆಲಸ ಶುರು ಮಾಡಬಹುದು. ಆದರೆ ಐದು ಹಸು ಒಂದೇ ಸಲ ತರುವುದು ಬೇಡ. ಈಗ ಎರಡು ತನ್ನಿ. ಆರು ತಿಂಗಳ ನಂತರ ಒಂದೋ ಎರಡೋ ತರೋಣ. ಎರಡು ತಂದರೆ, ಅಮ್ಮನ ಹಸುವೂ ಸೇರಿ ಅಲ್ಲಿಗೆ ಐದಾಯಿತಲ್ವಾ?

ನಾನು ಪಶುವೈದ್ಯನಾಗಿ ಹಳ್ಳಿಗಳಲ್ಲೇ ಕೆಲಸ ಮಾಡಿದವನು. ಹೊಸದಾಗಿ ಹಸು ಕಟ್ಟಿದವರು ಕೈ ಸುಟ್ಟುಕೊಂಡಿದ್ದು ಹೆಚ್ಚಿನ ಸಲ ರೋಗದಿಂದ ಅಲ್ಲ. ಕೈಲಿದ್ದ ಹಣವನ್ನೆಲ್ಲ ಹಸುವಿಗೂ ಶೆಡ್ಡಿಗೂ ಸುರಿದಿರುತ್ತಾರೆ. ಹಾಲು ಕಡಿಮೆಯಾದ ತಿಂಗಳಲ್ಲಿ ಕೈತಿಂಡಿ, ಅಂದರೆ ಮೂಟೆಯ ಪಶು ಆಹಾರ, ತರಲು ಕಾಸಿರುವುದಿಲ್ಲ. ಆಗ 80 ಸಾವಿರದ ಹಸು 40 ಸಾವಿರಕ್ಕೆ ಹೋಗುತ್ತದೆ. ಅಂಥ ಕೊಟ್ಟಿಗೆಗಳಲ್ಲಿ ನಿಂತು ಸಮಾಧಾನ ಹೇಳಿದ್ದೇನೆ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ 15 ಸಾವಿರದ ಮಾತು ಎಲ್ಲಿಂದ ಬಂತು ನೋಡೋಣ. ದಿನಕ್ಕೆ 15 ಲೀಟರ್, ಲೀಟರಿಗೆ 33 ರೂಪಾಯಿ, 30 ದಿನ. 14,850 ಆಯಿತು. ಪಕ್ಕದ ಮನೆಯವರು ಸುಳ್ಳು ಹೇಳಿಲ್ಲ. ಆದರೆ ಅದು ಕರು ಹಾಕಿ ಒಂದೂವರೆ ಎರಡು ತಿಂಗಳಾದಾಗ, ಹಸು ಅತಿ ಹೆಚ್ಚು ಹಾಲು ಕೊಡುವ ಕಾಲದ ಲೆಕ್ಕ. ಅದರಲ್ಲಿ ಖರ್ಚು ಕಳೆದಿಲ್ಲ. ಆ ಹಾಲು ಹಾಗೇ ನಿಲ್ಲುವುದೂ ಇಲ್ಲ.

ಒಂದು ಹಸು ಇಡೀ ಸೂಲಿನಲ್ಲಿ, ಅಂದರೆ ಕರು ಹಾಕಿದಾಗಿನಿಂದ ಹಾಲು ಬತ್ತುವವರೆಗೆ, ಎಷ್ಟು ಹಾಲು ಕೊಡುತ್ತದೆ ಅಂತ ಅಂದಾಜು ಮಾಡಲು ಒಂದು ಹಳೆಯ ಲೆಕ್ಕ ಇದೆ. ಅತಿ ಹೆಚ್ಚು ಕರೆದ ದಿನದ ಲೀಟರನ್ನು 200ರಿಂದ ಗುಣಿಸಿ. 15 ಲೀಟರಿನ ಹಸು 305 ದಿನದಲ್ಲಿ 3,000 ಲೀಟರ್ ಆಸುಪಾಸು ಕೊಡುತ್ತದೆ. ಅಂದರೆ ದಿನಕ್ಕೆ ಸರಾಸರಿ 10 ಲೀಟರ್. ಕರುವಿಗೆ, ಮನೆಗೆ ಅಂತ 300 ಲೀಟರ್ ಕಳೆಯಿರಿ. ಡೇರಿಗೆ ಹೋಗುವುದು 2,700 ಲೀಟರ್.

ಈಗ ಎರಡು ಭಾಗ ಮಾಡಿ ನೋಡಿ. ಇಡೀ ಲೆಕ್ಕದ ಜೀವ ಇರುವುದು ಇಲ್ಲೇ. ಮೊದಲ ಆರು ತಿಂಗಳಲ್ಲಿ ಒಂದು ಹಸು ದಿನಕ್ಕೆ ಸರಾಸರಿ 12 ಲೀಟರ್ ಕೊಡುತ್ತದೆ. ಮಾರಲು ಸಿಗುವುದು 1,950 ಲೀಟರ್, 33ರಂತೆ ಸುಮಾರು 64 ಸಾವಿರ ರೂಪಾಯಿ. ಕೈತಿಂಡಿ ಎಷ್ಟು ಬೇಕು? ಮೈ ಉಳಿಸಿಕೊಳ್ಳಲು 2 ಕೆಜಿ, ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ದಿನಕ್ಕೆ 6.8 ಕೆಜಿ ಆಯಿತು. 50 ಕೆಜಿ ಮೂಟೆಗೆ 1,300 ಅಂತ ಹಿಡಿದರೆ ಆರು ತಿಂಗಳಿಗೆ ಸುಮಾರು 32 ಸಾವಿರ. ಖನಿಜ ಮಿಶ್ರಣ, ಔಷಧಿ, ಗಬ್ಬ ಕಟ್ಟಿಸುವ ಇಂಜೆಕ್ಷನ್ನಿಗೆ 3 ಸಾವಿರ. ಉಳಿಯುವುದು 29 ಸಾವಿರ. ಖುಷಿಯಾಗುತ್ತದೆ.

ಆರು ತಿಂಗಳಾದ ಮೇಲೆ ಹಾಲು ಇಳಿಯುತ್ತದೆ. ಮುಂದಿನ ನಾಲ್ಕು ತಿಂಗಳು ಸರಾಸರಿ 6-7 ಲೀಟರ್. ಆಮೇಲೆ ಹಾಲು ಬತ್ತಿಸಬೇಕು. ಮುಂದಿನ ಕರುವಿಗೆ ಮೊದಲು ಕೆಚ್ಚಲಿಗೆ 60 ದಿನ ವಿಶ್ರಾಂತಿ ಬೇಕೇ ಬೇಕು. ಪುಸ್ತಕದಲ್ಲಿ ಒಂದು ಕರುವಿನಿಂದ ಇನ್ನೊಂದು ಕರುವಿಗೆ 13 ತಿಂಗಳು. ನಮ್ಮ ಹಳ್ಳಿಗಳಲ್ಲಿ ಗಬ್ಬ ಕಟ್ಟುವುದು ತಡವಾಗಿ 14-15 ತಿಂಗಳು ಆಗುತ್ತದೆ. 14 ಅಂತ ಹಿಡಿದರೆ ನಾಲ್ಕು ತಿಂಗಳು ಹಸು ಒಂದು ಹನಿ ಹಾಲೂ ಕೊಡದೆ ತಿನ್ನುತ್ತದೆ, ದಿನಕ್ಕೆ 3 ಕೆಜಿ ಕೈತಿಂಡಿ. ಹೀಗೆ ಏಳನೇ ತಿಂಗಳಿಂದ ಹದಿನಾಲ್ಕನೇ ತಿಂಗಳವರೆಗೆ ಬರುವ ಹಾಲಿನ ಹಣ ಸುಮಾರು 25 ಸಾವಿರ. ಆ ಎಂಟು ತಿಂಗಳ ಕೈತಿಂಡಿಯ ಖರ್ಚೂ ಸುಮಾರು 25 ಸಾವಿರ. ಕೈಗೆ ಉಳಿಯುವುದು ಏನೂ ಇಲ್ಲ. ಕಾಯಿಲೆ ಬಂದರೆ ಇನ್ನೂ ಕೈಯಿಂದ ಹಾಕಬೇಕು.

ಮೊದಲ ಆರು ತಿಂಗಳಲ್ಲಿ ಕಂಡ 29 ಸಾವಿರವನ್ನು ಸಂಪಾದನೆ ಅಂದುಕೊಂಡು ಬೈಕಿನ ಕಂತಿಗೆ, ಮದುವೆ ಮುಯ್ಯಿಗೆ ಕೊಟ್ಟವರು ಇಲ್ಲೇ ಸಿಕ್ಕಿಬೀಳುವುದು. ಐದು ಹಸುವನ್ನೂ ಒಂದೇ ತಿಂಗಳಲ್ಲಿ ತಂದರೆ ಐದೂ ಒಟ್ಟಿಗೆ ಹಾಲು ಇಳಿಸುತ್ತವೆ, ಒಟ್ಟಿಗೆ ಬತ್ತುತ್ತವೆ. ಎರಡು ಕಂತಿನಲ್ಲಿ ತಂದರೆ ಎರಡು ಬತ್ತಿದಾಗ ಇನ್ನೆರಡು ಕರೆಯುತ್ತಿರುತ್ತವೆ. ಅದಕ್ಕೇ ಆ ಆರು ತಿಂಗಳ ಅಂತರ.

ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಬೇರೆ ಇದೆ. ಒಂದು ಸೂಲಿಗೆ 13,500 ಆಗುತ್ತದೆ. ಅದು ಬ್ಯಾಂಕ್ ಖಾತೆಗೆ ಬರುತ್ತದೆ, ಆದರೆ ತಡವಾಗಿ ಬರುತ್ತದೆ. ಹಾಗಾಗಿ ತಿಂಗಳ ಖರ್ಚಿನ ಲೆಕ್ಕದಲ್ಲಿ ಅದನ್ನು ಹಿಡಿಯಬೇಡಿ. ಬಂದಾಗ ಔಷಧಿಗೋ ವಿಮೆಗೋ ಎತ್ತಿಡಿ. ಅದೂ ಸೇರಿ ಒಂದು ಹಸು 14 ತಿಂಗಳಲ್ಲಿ ಉಳಿಸಿಕೊಡುವುದು, ಒಣಹುಲ್ಲನ್ನೆಲ್ಲ ಕೊಂಡರೆ 28 ಸಾವಿರ, ಎಲ್ಲ ನಿಮ್ಮ ಹೊಲದ್ದೇ ಆದರೆ 40 ಸಾವಿರದವರೆಗೆ. ಹಸಿರು ಹುಲ್ಲಿಗೆ ಹಾಕುವ ಗೊಬ್ಬರದ ಖರ್ಚು, ಮನೆಯವರ ದುಡಿಮೆ ಇದರಲ್ಲಿ ಕಳೆದಿಲ್ಲ. ತಿಂಗಳಿಗೆ 2ರಿಂದ 3 ಸಾವಿರ ಅಂದುಕೊಳ್ಳಿ. ಜೊತೆಗೆ ಸಗಣಿ ಗೊಬ್ಬರ, ಹೆಣ್ಣು ಕರು. ನಿಮ್ಮ ಡೇರಿಯ ದರ ಬೇರೆ ಇದ್ದರೆ 33ರ ಜಾಗದಲ್ಲಿ ಅದನ್ನು ಹಾಕಿ ನೋಡಿ. ಕೊಬ್ಬು 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) 8.5 ಬಂದರೆ ಮಾತ್ರ ಪೂರ್ತಿ ದರ. ಬರೀ ಸೀಮೆ ಹುಲ್ಲು (ನೇಪಿಯರ್) ಹಾಕಿ, ಕೈತಿಂಡಿಯಲ್ಲೂ ಖನಿಜದಲ್ಲೂ ಜಿಪುಣತನ ಮಾಡಿದರೆ ಎಸ್‌ಎನ್‌ಎಫ್ ಇಳಿಯುತ್ತದೆ, ದರವೂ ಇಳಿಯುತ್ತದೆ.

ಇದನ್ನು ಓದಿ ಎದೆಗುಂದಬೇಡಿ. ಇದೇ ಲೆಕ್ಕದಲ್ಲಿ ಮಕ್ಕಳನ್ನು ಓದಿಸಿದ, ಮನೆ ಕಟ್ಟಿದ ಕುಟುಂಬಗಳನ್ನು ನೋಡಿದ್ದೇನೆ. ಅವರು ಯಾರೂ ಕೈ ಖಾಲಿ ಮಾಡಿಕೊಂಡು ಶುರು ಮಾಡಿರಲಿಲ್ಲ.

ಈಗ ನಿಮ್ಮ 6 ಲಕ್ಷ. ಮೊದಲು ಹುಲ್ಲು, ಆಮೇಲೆ ಕೊಟ್ಟಿಗೆ, ಕೊನೆಗೆ ಹಸು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಹಸು ಬಂದ ದಿನವೇ ಹುಲ್ಲು ಹುಡುಕಿಕೊಂಡು ಹೋಗುತ್ತಾರೆ.

ಸೀಮೆ ಹುಲ್ಲು ನಾಟಿ ಮಾಡಿದ ಮೇಲೆ ಮೊದಲ ಕೊಯ್ಲಿಗೆ 70-75 ದಿನ ಬೇಕು. ಆಮೇಲೆ 45 ದಿನಕ್ಕೊಂದು ಕೊಯ್ಲು. ಐದು ಹಸುವಿಗೆ ದಿನಕ್ಕೆ 25 ಕೆಜಿಯಂತೆ 125 ಕೆಜಿ, ವರ್ಷಕ್ಕೆ 45 ಟನ್. ಇದಕ್ಕೆ 20 ಗುಂಟೆ ಸೀಮೆ ಹುಲ್ಲು, 10 ಗುಂಟೆ ಕುದುರೆ ಮಸಾಲೆ (ಲೂಸರ್ನ್) ಅಥವಾ ಅಲಸಂದೆ ಬೇಕು. ಎರಡು ಅಡಿಗೆ ಎರಡು ಅಡಿ ಅಂತರದಲ್ಲಿ ನೆಟ್ಟರೆ 20 ಗುಂಟೆಗೆ ಸುಮಾರು 5,500 ತುಂಡು ಹಿಡಿಯುತ್ತದೆ. ಉಳುಮೆ, ಗೊಬ್ಬರ, ತುಂಡು, ಕೂಲಿ, ಬೀಜ ಎಲ್ಲ ಸೇರಿ 20 ಸಾವಿರ ಇಡಿ. ಆ 10 ಗುಂಟೆ ದ್ವಿದಳದ ಮೇವನ್ನು ಮಾತ್ರ ಬಿಡಬೇಡಿ. 10 ಕೆಜಿ ಕುದುರೆ ಮಸಾಲೆ ಹಾಕಿದರೆ ಹೆಚ್ಚು ಕಡಿಮೆ 1 ಕೆಜಿ ಕೈತಿಂಡಿ ಉಳಿಯುತ್ತದೆ. ಮೇಲಿನ ಲೆಕ್ಕದಲ್ಲಿ ನಿಮ್ಮ ಅತಿ ದೊಡ್ಡ ಖರ್ಚು ಕೈತಿಂಡಿಯೇ ಅಲ್ವಾ?

ಒಣಹುಲ್ಲಿಗೆ 26 ಸಾವಿರ. ನಿಮ್ಮ ಕಡೆ ರಾಗಿ ಕೊಯ್ಲಾಗಿ ಕಣ ಮುಗಿಯುವ ಹೊತ್ತಿಗೆ ಹುಲ್ಲು ಅಗ್ಗ. ಆಗಲೇ ಕೊಂಡು ಮೆದೆ ಹಾಕಿಬಿಡಿ. ಏಪ್ರಿಲ್‌ನಲ್ಲಿ ಕೊಳ್ಳಲು ಹೋದರೆ ಬೆಲೆ ಕೇಳಿ ಬೆವರುತ್ತೀರಿ. ಮಿಕ್ಕ ಜಮೀನಿನಲ್ಲಿ ರಾಗಿ ಹಾಕಿದರೆ ಊಟಕ್ಕೂ ಆಯಿತು, ಹುಲ್ಲೂ ಆಯಿತು.

ಕೊಟ್ಟಿಗೆ ವಿಷಯದಲ್ಲಿ ನಿಮ್ಮನ್ನು ಸ್ವಲ್ಪ ಗಟ್ಟಿಯಾಗಿಯೇ ತಡೆಯುತ್ತೇನೆ. ವಿಡಿಯೋಗಳಲ್ಲಿ ಕಾಣುವ ಮೂರು ನಾಲ್ಕು ಲಕ್ಷದ ಶೆಡ್ ನಿಮಗೆ ಬೇಡ. ಶೆಡ್ ಹಾಲು ಕೊಡುವುದಿಲ್ಲ, ಮಾರಲೂ ಬರುವುದಿಲ್ಲ. ಒಂದು ಹಸುವಿಗೆ ಸೂರಿನ ಕೆಳಗೆ ಸುಮಾರು 38 ಚದರ ಅಡಿ, ಬಯಲಲ್ಲಿ ಓಡಾಡಲು 75 ಚದರ ಅಡಿ ಸಾಕು. ನಾಲ್ಕು ಹಸುವಿಗೆ ಗೋದಲಿ, ಓಡಾಡುವ ಜಾಗ ಎಲ್ಲ ಸೇರಿ 16 ಅಡಿಗೆ 20 ಅಡಿ ಸೂರು. ಚದರ ಅಡಿಗೆ 350-360ರಲ್ಲಿ ಮುಗಿಸಿದರೆ 1 ಲಕ್ಷ 15 ಸಾವಿರ. ಉದ್ದ ಪೂರ್ವ ಪಶ್ಚಿಮಕ್ಕಿರಲಿ, ಆಗ ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗುವುದಿಲ್ಲ. ಸೂರು ಬದಿಯಲ್ಲಿ 9-10 ಅಡಿ ಎತ್ತರ ಇರಲಿ, ಗೋಡೆ ಬೇಡ. ನೆಲಕ್ಕೆ 40 ಅಡಿಗೆ ಒಂದು ಅಡಿಯಂತೆ ಇಳಿಜಾರು ಕೊಡಿ, ಗಂಜಲ ನಿಲ್ಲಬಾರದು. ನೆಲ ನುಣುಪು ಮಾಡಿಸಲೇಬೇಡಿ. ಜಾರಿ ಸೊಂಟ ಮುರಿದುಕೊಂಡ ಹಸುವಿಗೆ ನಮ್ಮ ಬಳಿ ಮದ್ದಿಲ್ಲ. ಬೇಲಿ ಹಾಕಿದ ಬಯಲಿಗೆ 15 ಸಾವಿರ, ಒಳಗೊಂದು ಹೊಂಗೆಯೋ ಬೇವೋ ಇದ್ದರೆ ಪುಣ್ಯ. ಅಮ್ಮನ ಹಳೆ ಕೊಟ್ಟಿಗೆ ಕೆಡವಬೇಡಿ. ಅವರ ಹಸು ಅಲ್ಲೇ ಇರಲಿ. ಆದರೆ ಒಂದು ಮೂಲೆಯನ್ನು ಮರೆ ಮಾಡಿ ಕರುಗಳಿಗೆ ಬಿಡಿ. ಕೊಟ್ಟಿಗೆಗೆ ಪಂಚಾಯಿತಿಯ ಸಹಾಯಧನ ಸಿಗಬಹುದು, ಹೋಗಿ ವಿಚಾರಿಸಿ. ಆದರೆ ಅಂಥ ಹಣ ಕೆಲಸ ನಡೆದ ಮೇಲೆ ಬರುವಂಥದ್ದು. ಬಜೆಟ್ಟನ್ನು ಅದಿಲ್ಲದೆಯೇ ಮಾಡಿ.

ಸಾಮಾನಿಗೆ 49 ಸಾವಿರ. ಮೇವು ಕತ್ತರಿಸುವ ಯಂತ್ರ 25 ಸಾವಿರ, ರಬ್ಬರ್ ಮ್ಯಾಟ್ ನಾಲ್ಕಕ್ಕೆ 10 ಸಾವಿರ, ನೀರಿನ ತೊಟ್ಟಿ ಮತ್ತು ಪೈಪಿಗೆ 8 ಸಾವಿರ, ಕ್ಯಾನು, ಬಕೆಟ್ಟು, ಹಗ್ಗ ಇತ್ಯಾದಿಗೆ 6 ಸಾವಿರ. ಮೇವಿನ ಯಂತ್ರ ಕಡ್ಡಾಯ. ಕತ್ತರಿಸದೆ ಹಾಕಿದ ಸೀಮೆ ಹುಲ್ಲಿನ ದಂಟನ್ನೆಲ್ಲ ಹಸು ಬಿಟ್ಟುಬಿಡುತ್ತದೆ. ಹಾಲು ಕರೆಯುವ ಯಂತ್ರ ಈಗ ಬೇಡ.

ಈ ಮಾತು ಬಂದಾಗ ಒಂದು ಹೇಳಬೇಕು. ಕೈಯಲ್ಲಿ ಹಾಲು ಕರೆಯುವವರು ಯಾರು? ನಿಮ್ಮ ಪತ್ರದಲ್ಲಿ ಅಮ್ಮ, ಹೆಂಡತಿ ಇಬ್ಬರೂ ಇದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚುವುದರಿಂದ ಸಂಜೆ ಡೇರಿಗೆ ಹಾಲು ಹಾಕುವವರೆಗೆ ಐದು ಹಸುವಿಗೆ ದಿನಕ್ಕೆ ಏಳೆಂಟು ಗಂಟೆ ಕೆಲಸ. ಅದನ್ನು ಅವರ ತಲೆಗೆ ಸುಮ್ನೆ ಕಟ್ಟಬೇಡಿ. ಅವರನ್ನು ಕೂರಿಸಿಕೊಂಡು ಈ ಲೆಕ್ಕ ತೋರಿಸಿ. ಡೇರಿ ಸದಸ್ಯತ್ವವನ್ನೂ ಬಟವಾಡೆಯ ಖಾತೆಯನ್ನೂ ಕೆಲಸ ಮಾಡುವವರ ಹೆಸರಲ್ಲೇ ಮಾಡಿಸಿ. ಹಾಲಿನ ಹಣ ಹೆಂಗಸರ ಕೈಯಲ್ಲಿರುವ ಮನೆಗಳಲ್ಲಿ ಕೈತಿಂಡಿ ತಪ್ಪುವುದಿಲ್ಲ. ನಾನು ಕಣ್ಣಾರೆ ಕಂಡ ಮಾತಿದು.

ಇನ್ನು ಹಸು. ಎರಡನೇ ಸೂಲಿನದು, ಕರು ಹಾಕಿ ಎರಡು ಮೂರು ವಾರ ಆಗಿರುವುದು, ದಿನಕ್ಕೆ 14-15 ಲೀಟರಿನದು ನೋಡಿ. 20-25 ಲೀಟರಿನ ಹಸು ಬೇಡ. ಅದಕ್ಕೆ ಬೇಕಾದ ಆರೈಕೆ, ತಂಪು, ತಿಂಡಿ ಕೊಡಲು ಅನುಭವ ಬೇಕು. ನಿಮ್ಮ ಕೈ ಇನ್ನೂ ಪಳಗಿಲ್ಲ. 15 ಲೀಟರಿನದಕ್ಕೆ 80 ಸಾವಿರ ಅಂತ ಹಿಡಿದಿದ್ದೇನೆ. ಎರಡಕ್ಕೆ 1 ಲಕ್ಷ 60 ಸಾವಿರ. ಸಾಗಣೆ 5 ಸಾವಿರ. ಓಡಾಟ, ದಲ್ಲಾಳಿ, ಪರೀಕ್ಷೆಗೆ 4 ಸಾವಿರ. ವಿಮೆಗೆ 6 ಸಾವಿರ. ಒಟ್ಟು 1 ಲಕ್ಷ 75 ಸಾವಿರ.

ಚಿಂತಾಮಣಿಗೋ ಈರೋಡಿಗೋ ದನದ ಸಂತೆಗೆ ಹೋಗಿ ತರಬೇಕು ಅಂತ ಹಲವರು ಹೇಳುತ್ತಾರೆ. ಮೊದಲ ಎರಡು ಹಸುವನ್ನು ನಿಮ್ಮ ಸುತ್ತಮುತ್ತಲೇ, ರೈತರ ಮನೆಯಿಂದಲೇ ತನ್ನಿ. ಅದಕ್ಕೊಂದು ದೊಡ್ಡ ಅನುಕೂಲ ಇದೆ. ಡೇರಿಗೆ ಹಾಲು ಹಾಕುವವರ ಬಳಿ ಚೀಟಿ ಇರುತ್ತದೆ, ಪುಸ್ತಕ ಇರುತ್ತದೆ. ಹೊತ್ತಿಗೆ ಎಷ್ಟು ಲೀಟರ್, ಕೊಬ್ಬು ಎಷ್ಟು ಎಲ್ಲ ಅದರಲ್ಲಿದೆ. ಬಾಯಿ ಮಾತಿಗಿಂತ ಆ ಚೀಟಿ ನಂಬಿ. ನನ್ನ ಅಪ್ಪ ಒಮ್ಮೆ ಸಂತೆಯಲ್ಲಿ ತುಂಬಿದ ಕೆಚ್ಚಲು ನೋಡಿ ಹಸು ತಂದರು. ಮಾರಿದವರು ಹಿಂದಿನ ಹೊತ್ತು ಕರೆಯದೆ ಹಾಲು ಕಟ್ಟಿ ನಿಲ್ಲಿಸಿದ್ದರು. ಮನೆಗೆ ಬಂದ ಮೂರನೇ ದಿನಕ್ಕೆ ಹಾಲು ಅರ್ಧ ಆಯಿತು, ಒಂದು ಮೊಲೆಗೆ ಬಾವು ಬಂದು ಕೊನೆಗೆ ಅದರಲ್ಲಿ ಹಾಲೇ ನಿಂತುಹೋಯಿತು. ಅವತ್ತು ಅಪ್ಪ ಊಟ ಮಾಡಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ. ಮೂರು ಹೊತ್ತು ಎದುರಲ್ಲೇ ಕರೆಸಿ, ಮೊದಲ ಹೊತ್ತಿನದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆಯಾಗಿ ಕಪ್ಪು ತಟ್ಟೆಗೆ ಕರೆದು ಗಸಿ ಇದೆಯಾ ನೋಡಿ. ಕಂದು ಹಾಕುವ ರೋಗಕ್ಕೆ, ಅಂದರೆ ಬ್ರೂಸೆಲ್ಲಾಗೆ, ಪರೀಕ್ಷೆ ಮಾಡಿಸದೆ ಹಣ ಕೊಡಬೇಡಿ. ಆ ರೋಗ ಮನುಷ್ಯರಿಗೂ ಬರುತ್ತದೆ.

ಮನೆಗೆ ತಂದ ಮೇಲೆ ಮೂರು ವಾರ ಅಮ್ಮನ ಹಸುವಿನಿಂದ ದೂರ ಕಟ್ಟಿ. ಮೈಯಲ್ಲಿ ಕಚ್ಚಿಕೊಂಡಿರುವ ಉಣ್ಣೆ ಹುಳುವಿಗೆ ಔಷಧಿ ಹೊಡೆಯಿರಿ. ಸೀಮೆ ಹಸುವಿಗೆ ಉಣ್ಣೆಯಿಂದ ಬರುವ ಥೈಲೇರಿಯಾ ಜ್ವರ ಬಂದರೆ ಒಂದು ತಿಂಗಳ ಹಾಲಿನ ಹಣ ಔಷಧಿಗೇ ಹೋಗುತ್ತದೆ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಇಲಾಖೆಯಿಂದ ಉಚಿತ. ತುರ್ತಾದರೆ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಬರುತ್ತದೆ.

ವಿಮೆಯನ್ನು ಹಸು ಇಳಿದ ವಾರದಲ್ಲೇ ಮಾಡಿಸಿ. ಸರ್ಕಾರದ ಯೋಜನೆಯಲ್ಲಿ ಆದರೆ ಕಂತಿನ ಶೇಕಡಾ 15ರಷ್ಟು ಮಾತ್ರ ನಿಮ್ಮದು. ಅದು ಸಿಗದಿದ್ದರೂ ಇರಲಿ ಅಂತ 6 ಸಾವಿರ ಹಿಡಿದಿದ್ದೇನೆ. ಕಿವಿಯ ಓಲೆ (ವಿಮೆಯ ಗುರುತಿನ ಟ್ಯಾಗ್) ಬಿದ್ದುಹೋದರೆ ಅವತ್ತೇ ತಿಳಿಸಿ ಹೊಸದು ಹಾಕಿಸಿ. ಓಲೆ ಇಲ್ಲದ ಹಸು ಸತ್ತರೆ ಪರಿಹಾರ ಇಲ್ಲ.

ಕೂಡಿ ನೋಡಿ. ಹುಲ್ಲು 20, ಒಣಹುಲ್ಲು 26, ಕೊಟ್ಟಿಗೆ ಮತ್ತು ಬೇಲಿ 130, ಸಾಮಾನು 49, ಎರಡು ಹಸು 175. ಸರಿಯಾಗಿ 4 ಲಕ್ಷ. ಇನ್ನೂ 2 ಲಕ್ಷ ಬ್ಯಾಂಕಿನಲ್ಲಿದೆ.

ಅದರಲ್ಲಿ 1 ಲಕ್ಷವನ್ನು ಮುಟ್ಟಬಾರದ ಹಣ ಅಂತ ಬೇರೆ ಖಾತೆಯಲ್ಲಿಡಿ. ಹಸು ಕಾಯಿಲೆ ಬಿದ್ದರೆ, ಬೋರ್‌ವೆಲ್ ಮೋಟಾರು ಸುಟ್ಟರೆ, ಎರಡೂ ಹಸು ಒಟ್ಟಿಗೆ ಬತ್ತಿದರೆ ಬೇಕಾಗುವುದು ಅದು. ಮಿಕ್ಕ 1 ಲಕ್ಷ ಮೂರನೇ ಹಸುವಿಗೆ, ಆರು ತಿಂಗಳ ನಂತರ. ಮೊದಲ ಎರಡು ಹಸುವಿನಿಂದ ಉಳಿದ 58 ಸಾವಿರ ನಾಲ್ಕನೆಯದಕ್ಕೆ ಸೇರಬಹುದು. ಆದರೆ ಒಂದು ಷರತ್ತು. ಮೊದಲಿನ ಎರಡೂ ಗಬ್ಬ ಆಗಿವೆ ಅಂತ ಡಾಕ್ಟರು ಪರೀಕ್ಷೆ ಮಾಡಿ ಹೇಳಿರಬೇಕು. ಹೇಳದಿದ್ದರೆ ನಾಲ್ಕನೆಯದು ಬೇಡ, ಆ 58 ಸಾವಿರ ಒಣ ತಿಂಗಳಿಗೆ ಬೇಕಾಗುತ್ತದೆ.

ಗಬ್ಬದ ಮೇಲೆ ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, ಬೆದೆ ಬರುವುದು 21 ದಿನಕ್ಕೊಮ್ಮೆ, ಇರುವುದು ಒಂದು ದಿನಕ್ಕಿಂತ ಕಡಿಮೆ. ಒಂದು ಸಲ ತಪ್ಪಿತು ಅಂದರೆ ಒಣ ದಿನಗಳು 21 ಜಾಸ್ತಿ. ಬರೀ ತಿಂಡಿ ಒಣಹುಲ್ಲಿನ ಲೆಕ್ಕದಲ್ಲೇ ಎರಡು ಸಾವಿರಕ್ಕೂ ಹೆಚ್ಚು ನಷ್ಟ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡಿಸಿ. ಗೋಡೆಗೊಂದು ಕ್ಯಾಲೆಂಡರ್ ಹಾಕಿ ಬೆದೆಯ ದಿನಕ್ಕೆಲ್ಲ ಗುರುತು ಮಾಡಿ. ಹೆಣ್ಣು ಕರುವೇ ಹುಟ್ಟಲಿ ಅಂತ ಬೇರ್ಪಡಿಸಿದ ಸೆಮೆನ್ (ಹೋರಿಯ ವೀರ್ಯ) ಸಿಗುವ ಕಡೆ ಅದನ್ನೇ ಕೇಳಿ, ಹತ್ತರಲ್ಲಿ ಒಂಬತ್ತು ಹೆಣ್ಣು ಕರುವೇ ಆಗುತ್ತದೆ. 2021ರಿಂದ ರಾಜ್ಯದಲ್ಲಿ ಗೋಹತ್ಯೆ ತಡೆ ಕಾನೂನು ಬಿಗಿಯಾಗಿದೆ. ಹಾಗಾಗಿ ಗಂಡು ಕರು, ಗೊಡ್ಡು ಹಸು ಮಾರಿದರೆ ಇಷ್ಟು ಬರುತ್ತೆ ಅಂತ ಆದಾಯದ ಕಡೆ ಬರೆದುಕೊಳ್ಳಬೇಡಿ. ಅವನ್ನು ಸಾಕುವ ಖರ್ಚು ಬರೆಯಿರಿ.

ಸಾಲ ಬೇಕೇ ಬೇಕು ಅನ್ನಿಸಿದರೆ ಚಿನ್ನಕ್ಕಿಂತ ಮೊದಲು ಕಿಸಾನ್ ಕ್ರೆಡಿಟ್ ಕಾರ್ಡ್ ಕೇಳಿ. ಹೈನುಗಾರಿಕೆಗೂ ಅದು ಸಿಗುತ್ತದೆ. 2025ರ ಜನವರಿಯಿಂದ 2 ಲಕ್ಷದವರೆಗೆ ಅಡಮಾನ ಬೇಡ. ಬಡ್ಡಿ ಶೇಕಡಾ 7, ಸರಿಯಾಗಿ ಕಟ್ಟಿದರೆ 4 ಬೀಳುತ್ತದೆ. ಅದು ಹಸು ಕೊಳ್ಳುವ ಸಾಲ ಅಲ್ಲ, ತಿಂಡಿ, ಔಷಧಿಯಂಥ ನಿತ್ಯದ ಖರ್ಚಿಗೆ. ನಿಮಗೆ ಬೇಕಾಗುವುದೂ ಅದೇ.

ಕ್ಯಾಬ್ ಈಗಲೇ ಮಾರಬೇಡಿ. ಮೇಲಿನ ಲೆಕ್ಕದಲ್ಲಿ ಮನೆ ಖರ್ಚು ಎಲ್ಲೂ ಇಲ್ಲ, ಗಮನಿಸಿದಿರಾ? ಹುಲ್ಲು ಬೆಳೆಯುವ ಮೂರು ತಿಂಗಳು, ಆಮೇಲಿನ ಆರು ತಿಂಗಳು ಮನೆ ನಡೆಯಬೇಕಲ್ಲ. ಊರಿಗೆ ಬಂದು ಬೆಳ್ಳೂರು, ನಾಗಮಂಗಲದ ಸುತ್ತಲೇ ಬಾಡಿಗೆ ಓಡಿಸಿ, ಬೆಳಿಗ್ಗೆ ಸಂಜೆ ಕೊಟ್ಟಿಗೆಯಲ್ಲಿರಿ.

ಮುಂಗಾರು ಹಿಡಿದ ಕೂಡಲೇ ಹುಲ್ಲು ನೆಟ್ಟರೆ ಸೆಪ್ಟೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಹಸು ಆಗ ತನ್ನಿ. ಬೇಸಿಗೆ ಬರುವ ಹೊತ್ತಿಗೆ ಅವು ನಿಮ್ಮ ಕೊಟ್ಟಿಗೆಗೆ ಒಗ್ಗಿರುತ್ತವೆ. ಹುಲ್ಲಿನ ತಳಿಗೆ ಮಂಡ್ಯದ ವಿ.ಸಿ. ಫಾರಂಗೆ ಒಮ್ಮೆ ಹೋಗಿ ಬನ್ನಿ, ಅಲ್ಲಿ ಮೇವಿನ ಬೆಳೆಗಳ ಮೇಲೆ ಸಂಶೋಧನೆ ನಡೆಯುತ್ತದೆ. ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಯಾವ ಹುಲ್ಲಿನ ದಂಟು ಮೆತ್ತಗಿದೆ, ಯಾವುದು ಕೈ ಕೊಯ್ಯುವುದಿಲ್ಲ ಅಂತ ಅವರು ಮುಟ್ಟಿ ನೋಡಿಯೇ ಹೇಳುತ್ತಾರೆ.